ಕೋನಪ್ಪನವರ ಸಾವಿಗೆ ಆಧಾರವಿಲ್ಲ

ಚಿಂತಾಮಣಿಯ ಆವುಲಪ್ಪ ಮೇಷ್ಟ್ರು ಯಾವ ಸ್ಕೂಲಿನಲ್ಲೂ ಪಾಠ ಹೇಳಿದವರಲ್ಲ. ಅವರು ಡ್ರಾಮಾ ಮೇಷ್ಟ್ರು. ಸುಗ್ಗಿ ಮುಗಿದು ರಾಗಿ ಮನೆ ಸೇರಿದ ಮೇಲೆ ಸುತ್ತಲಿನ ಯಾವುದೋ ಹಳ್ಳಿಯ ನಾಲ್ಕು ಜನ ಎಲೆ, ಅಡಿಕೆ, ಬಾಳೆಹಣ್ಣು ತಟ್ಟೆಯಲ್ಲಿಟ್ಟುಕೊಂಡು ಅವರ ಮನೆ ಬಾಗಿಲಿಗೆ ಬರುತ್ತಿದ್ದರು. ‘ಈ ಸಲ ನಮ್ಮೂರಲ್ಲಿ ನಾಟಕ ಆಡ್ಬೇಕು ಅಂತಿದೀವಿ ಮೇಷ್ಟ್ರೇ, ನೀವೇ ಕಲಿಸಿಕೊಡ್ಬೇಕು’ ಅನ್ನುತ್ತಿದ್ದರು. ಅಲ್ಲಿಂದ ಮುಂದಿನ ಮೂರು ನಾಲ್ಕು ತಿಂಗಳು ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿಕೊಂಡು ಆ ಊರಿಗೆ ಹೋಗಬೇಕು. ಹಗಲೆಲ್ಲ ಟೊಮೆಟೊ ಬಿಡಿಸಿ ಸುಸ್ತಾಗಿ ಬಂದವರನ್ನು ಎದುರಿಗೆ ಕೂರಿಸಿಕೊಂಡು ಕಂದಪದ್ಯ, ಸೀಸಪದ್ಯ ಬಾಯಿಪಾಠ ಮಾಡಿಸಬೇಕು. ಓದು ಬಾರದವನಿಗೂ ಹಾಡು ಬಾರದವನಿಗೂ ಕಿರೀಟ ಇಡಿಸಿ, ಮೈಕಿನ ಮುಂದೆ ನಿಲ್ಲಿಸಿ, ಊರವರ ಬಾಯಲ್ಲಿ ‘ವನ್ಸ್ ಮೋರ್’ ಅನ್ನಿಸುವ ಕೆಲಸ ಅದು. ಅದನ್ನು ಅವರು, ಮೊದಲು ಗುರುವಿನ ಜೊತೆಗೆ, ಆಮೇಲೆ ಒಬ್ಬರೇ, ನಲವತ್ತು ವರ್ಷ ಮಾಡಿದರು.

ಇಂಥ ಕೆಲಸ ಮಾಡಿದವರಿಗೆ ತಾಳ್ಮೆ ಬರಬೇಕಿತ್ತು. ಮೇಷ್ಟ್ರಿಗೆ ಬಂದದ್ದು ಕೋಪ, ಅದೂ ಮೂಗಿನ ತುದಿಯಲ್ಲಿ. ಶ್ರುತಿ ಬಿಟ್ಟು ಹಾಡಿದವನ ತೊಡೆಗೆ ಕೈಗೆ ಸಿಕ್ಕಿದ ತಾಳದಿಂದ ಒಂದು ಬಿಡುತ್ತಿದ್ದರು. ತೀರಾ ಸಿಟ್ಟು ಬಂದಾಗ ಕನ್ನಡ ಸಾಲದೆ ‘ಏಂದಿರಾ ಇದಿ?’ ಎಂದು ತೆಲುಗಿಗೆ ಇಳಿಯುತ್ತಿದ್ದರು. ಆದರೆ ಪೆಟ್ಟಿಗೆ ಮುಚ್ಚಳ ತೆಗೆದಾಗ ಮಾತ್ರ ಅವರು ಬೇರೆಯೇ ಮನುಷ್ಯ. ಕಣ್ಣು ಮುಚ್ಚಿ ‘ಗುರುಗಳೇ’ ಎಂದು ಒಂದು ಸಲ ಅಂದುಕೊಂಡು, ಆಮೇಲೆ ಹಾರ್ಮೋನಿಯಂನ ಮೊದಲ ಮನೆ ಒತ್ತುತ್ತಿದ್ದರು. ಆ ಗುರು ಬಾಗೇಪಲ್ಲಿ ಕಡೆಯ ಕೋನಪ್ಪನವರು. ಆವುಲಪ್ಪನಿಗೆ ಅನ್ನ ಹಾಕಿ, ಏಟು ಕೊಟ್ಟು, ಪೆಟ್ಟಿಗೆ ಹಿಡಿಸಿದವರು. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ತೀರಿಹೋದರು. ಚಟ್ಟಕ್ಕೆ ಹೆಗಲು ಕೊಟ್ಟ ನಾಲ್ವರಲ್ಲಿ ಆವುಲಪ್ಪನೂ ಒಬ್ಬ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದೆ ಇದನ್ನು ನಂಬುವವರು ಯಾರೂ ಸಿಗುವುದಿಲ್ಲ.

ಎಲ್ಲ ಶುರುವಾದದ್ದು ಗೌರಿಬಿದನೂರಿನಲ್ಲಿ, ಎರಡು ಸಾವಿರದ ಎಂಟರಲ್ಲಿ. ಅಲ್ಲಿ ಚಲಪತಿ ಎಂಬ ಬಟ್ಟೆ ಅಂಗಡಿ ಸಾಹುಕಾರ ಇದ್ದ. ಯಾವ ಕಾಲದಲ್ಲೋ ಅವನಿಗೂ ನಾಟಕದ ಹುಚ್ಚು ಹಿಡಿದು, ಗದೆ ಹಿಡಿಯುವ ಪಾರ್ಟು ತನಗೇ ಬೇಕೆಂದು ಹಟ ಮಾಡಿ, ಆವುಲಪ್ಪನವರ ಕೈಕೆಳಗೆ ಕಲಿತಿದ್ದ. ಕಲಿತಿದ್ದ ಅನ್ನುವುದು ಉಪಚಾರದ ಮಾತು. ಗಂಟಲಲ್ಲಿ ಶ್ರುತಿ ಇರಲಿಲ್ಲ, ಕಾಲಲ್ಲಿ ತಾಳ ಇರಲಿಲ್ಲ, ಗದೆ ಮಾತ್ರ ಚೆನ್ನಾಗಿ ಹಿಡಿಯುತ್ತಿದ್ದ. ಮೇಷ್ಟ್ರು ಒಂದು ವರ್ಷ ಅವನ ಜೊತೆ ಒದ್ದಾಡಿ, ಪದ್ಯದ ಕೊನೆಯ ಸಾಲನ್ನಾದರೂ ಸರಿಯಾಗಿ ಎತ್ತುವ ಮಟ್ಟಕ್ಕೆ ತಂದಿದ್ದರು. ಪಾತ್ರಧಾರಿಗಳ ಉಡುಪಿಗೆ ಜರಿ ಬಟ್ಟೆ ತರಲು ಅವತ್ತು ಅಂಗಡಿಗೆ ಹೋದಾಗ ಚಲಪತಿ ಕಾಫಿ ತರಿಸಿ, ಗಲ್ಲಾಪೆಟ್ಟಿಗೆಯ ಮೇಲಿದ್ದ ಕಂಪ್ಯೂಟರನ್ನು ಇವರ ಕಡೆ ತಿರುಗಿಸಿದ.

‘ನೋಡಿ ಮೇಷ್ಟ್ರೇ, ನನ್ ಬಗ್ಗೆ ವಿಶ್ವಕೋಶದಲ್ಲಿ ಬಂದೈತೆ.’

ಅಂತರ್ಜಾಲದಲ್ಲಿ ಅಂಥದೊಂದು ವಿಶ್ವಕೋಶ ಇದೆ, ಪ್ರಪಂಚದ ಯಾರು ಬೇಕಾದರೂ ಅದರಲ್ಲಿ ಓದಬಹುದು ಎಂದು ಅವನು ವಿವರಿಸಿದ. ಪರದೆಯ ಮೇಲೆ ಚಲಪತಿ ಗದೆ ಹೊತ್ತು ನಿಂತಿದ್ದ. ಕೆಳಗೆ ‘ಹೆಸರಾಂತ ಹಿರಿಯ ರಂಗಕಲಾವಿದರು’ ಎಂದಿತ್ತು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಮುಂದೆ ಓದಿದರು. ‘ಯಾವ ಗುರುವಿನ ಮಾರ್ಗದರ್ಶನವೂ ಇಲ್ಲದೆ ಸ್ವಯಂ ಪ್ರತಿಭೆಯಿಂದ ರಂಗಸಂಗೀತವನ್ನು ಕರಗತ ಮಾಡಿಕೊಂಡರು.’

ಕಾಫಿ ನೆತ್ತಿಗೆ ಹತ್ತಿತು.

‘ಇದನ್ನ ಯಾರು ಬರ್ದಿದ್ದು?’ ಎಂದು ಕೇಳಿದರು.

‘ನಾನೇ. ಯಾರ್ ಬೇಕಾದ್ರೂ ಬರೀಬೋದು ಮೇಷ್ಟ್ರೇ, ಫ್ರೀ’ ಎಂದ ಚಲಪತಿ. ಆಮೇಲೆ ಕರುಣೆಯಿಂದ ಒಂದು ಮಾತು ಸೇರಿಸಿದ. ‘ನಿಮ್ ಹೆಸ್ರೂ ಹುಡುಕಿ ನೋಡ್ದೆ. ಎಲ್ಲೂ ಇಲ್ಲ ನೀವು.’

ಗೌರಿಬಿದನೂರಿನಿಂದ ಚಿಂತಾಮಣಿಗೆ ಬರುವಷ್ಟರಲ್ಲಿ, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸುವಾಗ ಜರಿ ಬಟ್ಟೆಯ ಗಂಟನ್ನು ಮರೆತು ಇಳಿದು, ಮತ್ತೆ ಓಡಿ ಹತ್ತಿ ತಂದರು. ಅಷ್ಟು ತಲೆ ಕೆಟ್ಟಿತ್ತು. ಸುಳ್ಳು ಬರೆದುಕೊಂಡಿದ್ದಕ್ಕೆ ಅಷ್ಟು ನೋವಾಗಿರಲಿಲ್ಲ. ನಾಟಕದವರು ಕೊಂಚ ಹೆಚ್ಚು ಮಾತಾಡುವುದು ಇದ್ದದ್ದೇ. ಆದರೆ ‘ಎಲ್ಲೂ ಇಲ್ಲ ನೀವು’ ಅನ್ನುವುದು ಎಂಥ ಮಾತು? ಸುತ್ತ ಯಾವ ಹಳ್ಳಿಗೆ ಹೋದರೂ ‘ಮೇಷ್ಟ್ರು ಬಂದ್ರು’ ಎಂದು ಜಗಲಿಯ ಮೇಲೆ ಚಾಪೆ ಹಾಸುತ್ತಾರೆ. ಅಂಥವನು ಇಲ್ಲವಂತೆ, ಅವನ ತಾಳದ ಏಟು ತಿಂದ ಚಲಪತಿ ಇದ್ದಾನಂತೆ.

ಬಸ್ ಸ್ಟ್ಯಾಂಡಿನ ಹಿಂದೆ ವರಲಕ್ಷ್ಮಿ ಎಂಬಾಕೆಯ ಸೈಬರ್ ಅಂಗಡಿ ಇತ್ತು. ಜೆರಾಕ್ಸು, ಡಿ.ಟಿ.ಪಿ., ಲಗ್ನಪತ್ರಿಕೆ, ನಾಟಕದ ಕರಪತ್ರ ಎಲ್ಲವೂ ಅಲ್ಲೇ ತಯಾರಾಗಿ ಪ್ರೆಸ್ಸಿಗೆ ಹೋಗುತ್ತಿದ್ದವು. ಗಂಡ ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದ, ಅಂಗಡಿ ಪೂರ್ತಿ ಆಕೆಯದೇ ಆಡಳಿತ. ಮೇಷ್ಟ್ರು ಮರುದಿನ ಬೆಳಗ್ಗೆ ಅಲ್ಲಿ ಹಾಜರಾದರು.

‘ನನ್ ಚರಿತ್ರೆ ಬರೀಬೇಕು ಕಣಮ್ಮ. ನಾನು ಹೇಳ್ತೀನಿ, ನೀನು ಒತ್ತು’ ಎಂದರು.

ಹೇಳುತ್ತಾ ಹೋದಂತೆ ಮೇಷ್ಟ್ರಿಗೆ ಒಂದು ವಿಷಯ ಗೊತ್ತಾಯಿತು. ತನ್ನ ಬದುಕನ್ನು ತಾನೇ ಹೇಳಲು ಕೂತರೆ ಮಾತು ತಾನಾಗಿ ಬಣ್ಣ ಹಚ್ಚಿಕೊಳ್ಳುತ್ತದೆ. ಏಳನೇ ಕ್ಲಾಸಿನಲ್ಲಿ ಫೇಲಾದದ್ದು ಬಿಟ್ಟುಹೋಯಿತು. ಶಿಡ್ಲಘಟ್ಟದಲ್ಲಿ ಒಂದು ಸಲ ಪರದೆ ಹರಿದು ಬಿದ್ದು ಸ್ತ್ರೀಪಾರ್ಟಿನವನು ಬೀಡಿ ಸೇದುತ್ತಿದ್ದದ್ದು ಜನಕ್ಕೆಲ್ಲ ಕಂಡದ್ದೂ ಬಿಟ್ಟುಹೋಯಿತು. ಸಾಲುಗಳು ಬೆಳೆದು ಕೊನೆಗೆ ‘ಗಾನಕೋವಿದ, ನಾಟಕ ಚತುರ ಎಂಬ ಬಿರುದುಗಳಿಂದ ಸನ್ಮಾನಿತರು’ ಎನ್ನುವಲ್ಲಿಗೆ ಬಂದಾಗ ವರಲಕ್ಷ್ಮಿಯ ಬೆರಳು ನಿಂತಿತು.

‘ಈ ಬಿರುದು ಯಾರು ಕೊಟ್ಟಿದ್ದು ಮೇಷ್ಟ್ರೇ?’

‘ಕೊಡಬೇಕಾಗಿತ್ತು ಕಣಮ್ಮ. ಕೊಡಲಿಲ್ಲ. ಅದು ಅವರ ತಪ್ಪು.’

ವರಲಕ್ಷ್ಮಿ ನಕ್ಕು ಅದನ್ನು ತೆಗೆದಳು. ಮೇಷ್ಟ್ರು ಗೊಣಗಿದರು, ಆದರೆ ಮಿಕ್ಕದ್ದು ಉಳಿದುಕೊಂಡಿತು. ಹುಟ್ಟಿದ್ದು, ಕಲಿತದ್ದು, ಯಾವ ಯಾವ ಊರಿನಲ್ಲಿ ನಾಟಕ ಕಲಿಸಿದ್ದು ಎಲ್ಲವೂ ಇತ್ತು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ತಮ್ಮ ಹೆಸರನ್ನು ಅವರು ಎರಡು ಮೂರು ಸಲ ಗಟ್ಟಿಯಾಗಿ ಓದಿದರು. ಸಾಯಂಕಾಲ ಹೆಂಡತಿ ಲಕ್ಷ್ಮೀನರಸಮ್ಮನನ್ನು ಅಂಗಡಿಗೆ ಕರೆತಂದರು. ‘ನೋಡೇ, ಅಮೆರಿಕದಲ್ಲಿ ಕೂತವನಿಗೂ ಕಾಣ್ತದೆ’ ಎಂದು ತೋರಿಸಲು ಹೋದರೆ ಅಲ್ಲಿ ಪುಟವೇ ಇರಲಿಲ್ಲ. ಅದರ ಜಾಗದಲ್ಲಿ ಒಂದು ಟಿಪ್ಪಣಿ ಇತ್ತು. ‘ಈ ಪುಟದ ವಿಷಯಗಳಿಗೆ ಸ್ವತಂತ್ರವಾದ ಮುದ್ರಿತ ಆಧಾರಗಳಿಲ್ಲ. ತಮ್ಮ ಬಗ್ಗೆ ತಾವೇ ಬರೆದುಕೊಳ್ಳುವುದು ವಿಶ್ವಕೋಶದ ಕ್ರಮವಲ್ಲ. ಪುಟವನ್ನು ಅಳಿಸಲಾಗಿದೆ.’ ಕೆಳಗೆ ಬರೆದವರ ಹೆಸರು ‘ಮಿಂಚುಹುಳು’ ಎಂದಿತ್ತು.

‘ಯಾರಿವನು ಮಿಂಚುಹುಳು?’ ಮೇಷ್ಟ್ರು ಕೇಳಿದರು.

‘ಯಾರೋ ಒಬ್ರು ಸಂಪಾದಕರು. ಸಂಬಳ ಇಲ್ದೆ ನೋಡ್ಕೊಳ್ತಾರಂತೆ. ನಿಜವಾದ ಹೆಸರು ಹಾಕಲ್ಲ’ ಎಂದಳು ವರಲಕ್ಷ್ಮಿ.

‘ಹೆಸರು ಹೇಳೋ ಧೈರ್ಯ ಇಲ್ದವನು ನನ್ ಹೆಸರು ಅಳಿಸ್ತಾನಾ?’

ಲಕ್ಷ್ಮೀನರಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ‘ರೇಷ್ಮೆಹುಳ ಸಾಕೋ ಸೀಮೇಲಿ ಹುಟ್ಟಿ ಒಂದು ಮಿಂಚುಹುಳಕ್ಕೆ ಸೋತ್ರಲ್ಲ’ ಎಂದರು.

ಅಲ್ಲಿಂದ ಅದೊಂದು ಹಟವಾಯಿತು. ತನ್ನ ಬಗ್ಗೆ ತಾನು ಬರೆಯಬಾರದು ಎಂದರೆ ಹೆಂಡತಿ ಬರೆಯಲಿ ಎಂದು ಲಕ್ಷ್ಮೀನರಸಮ್ಮನ ಹೆಸರಿನಲ್ಲಿ ಖಾತೆ ತೆರೆಸಿ ಅದೇ ಪುಟವನ್ನು ಮತ್ತೆ ಹಾಕಿಸಿದರು. ಎರಡೂ ಒಂದೇ ಕಂಪ್ಯೂಟರಿನಿಂದ ಬಂದಿದೆ ಎಂದು ಮಿಂಚುಹುಳು ಪತ್ತೆ ಮಾಡಿ ಅಳಿಸಿತು. ತಮ್ಮದು ಉಳಿಯದಿದ್ದರೆ ಹೋಗಲಿ, ಚಲಪತಿಯದನ್ನಾದರೂ ಸರಿಪಡಿಸೋಣ ಎಂದು ಅವನ ಪುಟಕ್ಕೆ ಹೋಗಿ, ‘ಸ್ವಯಂ ಪ್ರತಿಭೆಯಿಂದ’ ಎಂಬುದನ್ನು ತೆಗೆದು ‘ಆವುಲಪ್ಪ ಮೇಷ್ಟ್ರ ಏಟಿನಿಂದ’ ಎಂದು ಬರೆಸಿದರು. ಅವರು ಒಂದು ಟೀ ಕುಡಿದು ಬರುವಷ್ಟರಲ್ಲಿ ಅದು ಮೊದಲಿನಂತಾಗಿ, ‘ವಿಧ್ವಂಸಕ ತಿದ್ದುಪಡಿ ಮಾಡಬೇಡಿ’ ಎಂಬ ಎಚ್ಚರಿಕೆ ಬಂದಿತ್ತು. ಚಲಪತಿಯ ಪುಟ ಯಾಕೆ ಉಳಿದಿದೆ ಎಂದು ನೋಡಿದರೆ ಅವನ ಬಳಿ ಮುದ್ರಿತ ಆಧಾರವಿತ್ತು. ಹಬ್ಬಕ್ಕೊಮ್ಮೆ ಸ್ಥಳೀಯ ವಾರಪತ್ರಿಕೆಗೆ ಅವನು ಜಾಹೀರಾತು ಕೊಡುತ್ತಿದ್ದ, ಅವರು ಅವನನ್ನು ‘ಹೆಸರಾಂತ ಕಲಾವಿದ’ ಎಂದು ಬರೆಯುತ್ತಿದ್ದರು.

‘ಅಚ್ಚಾಗಿದ್ದೆಲ್ಲ ನಿಜ, ಆಡಿದ್ದೆಲ್ಲ ಸುಳ್ಳು. ಇದ್ಯಾವ ನ್ಯಾಯ ಹೇಳಮ್ಮ?’ ಎಂದು ಮೇಷ್ಟ್ರು ವರಲಕ್ಷ್ಮಿಯ ಮೇಲೆ ಹರಿಹಾಯ್ದರು. ಪಾಪ, ಆಕೆಯದೇನು ತಪ್ಪು.

‘ಅಚ್ಚಾಗಿರೋದು ನಿಮ್ಮತ್ರಾನೂ ಇರ್ಬೇಕಲ್ಲ ಮೇಷ್ಟ್ರೇ. ನೀವು ಕಲಿಸಿದ ನಾಟಕಕ್ಕೆಲ್ಲ ಕರಪತ್ರ ಹಾಕಿಸಿರ್ತಾರಲ್ಲ?’ ಎಂದಳು ವರಲಕ್ಷ್ಮಿ.

ಮೇಷ್ಟ್ರ ಮುಖ ಅರಳಿತು. ಅಯ್ಯೋ, ಇದು ಹೊಳೆಯಲೇ ಇಲ್ಲವಲ್ಲ. ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಗುರುಗಳ ಕಾಲದಿಂದ ಈಚಿನ ಎಲ್ಲ ನಾಟಕಗಳ ಕರಪತ್ರಗಳಿದ್ದವು. ಗುಲಾಬಿ ಬಣ್ಣದವು, ಹಳದಿಯವು, ಮೊಳೆ ಅಕ್ಷರದ ಕಾಲದವು. ಮಾರನೇ ದಿನ ಒಂದು ಚೀಲ ತುಂಬ ತಂದು ಮೇಜಿನ ಮೇಲೆ ಸುರಿದರು. ‘ತಗೋ. ಆ ಹುಳಕ್ಕೆ ಎಷ್ಟು ಬೇಕೋ ಅಷ್ಟು ಹಾಕು’ ಎಂದರು. ವರಲಕ್ಷ್ಮಿ ಒಂದೊಂದಾಗಿ ಸ್ಕ್ಯಾನರಿಗೆ ಇಡುತ್ತಾ ಹೋದವಳು ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿ, ಕೆಳಗಿನವನ್ನೆಲ್ಲ ತಿರುವಿ ಹಾಕಿದಳು.

‘ಮೇಷ್ಟ್ರೇ, ಇದ್ರಲ್ಲೆಲ್ಲ ಸಂಗೀತ ಮತ್ತು ನಿರ್ದೇಶನ ಕೋನಪ್ಪನವರು ಅಂತಿದೆ.’

‘ಹೌದು.’

‘ನಿಮ್ ಹೆಸರು ಎಲ್ಲಿ?’

‘ಅದೇ ಕಣಮ್ಮ ನನ್ ಹೆಸರು’ ಎಂದರು ಮೇಷ್ಟ್ರು.

ನಡೆದದ್ದು ಇಷ್ಟು. ಕೋನಪ್ಪನವರು ತೀರಿಕೊಂಡಾಗ ಒಂದು ಊರಿನ ನಾಟಕ ಅರ್ಧ ಕಲಿಸಿ ಆಗಿತ್ತು, ಕರಪತ್ರವೂ ಅವರ ಹೆಸರಿನಲ್ಲಿ ಅಚ್ಚಾಗಿತ್ತು. ಮಿಕ್ಕರ್ಧವನ್ನು ಆವುಲಪ್ಪ ಕಲಿಸಿದ. ನಾಟಕ ಎಷ್ಟು ಚೆನ್ನಾಗಿ ಎದ್ದಿತೆಂದರೆ ಮುಂದಿನ ಊರಿನವರು ಬಂದು ‘ಹೆಸರು ಮಾತ್ರ ಕೋನಪ್ಪನೋರದ್ದೇ ಇರಲಿ, ಒಳ್ಳೇದಾಗ್ತದೆ’ ಎಂದರು. ಗುರುವಿನ ಹೆಸರು ಕಿತ್ತು ತನ್ನ ಹೆಸರು ಹಾಕಿಕೊಳ್ಳುವುದು ಆವುಲಪ್ಪನಿಗೂ ದ್ರೋಹ ಅನ್ನಿಸುತ್ತಿತ್ತು. ಹಾಗೆ ಅದು ಒಂದು ಪದ್ಧತಿಯಾಗಿ ನಿಂತುಬಿಟ್ಟಿತು. ಕರಪತ್ರದಲ್ಲಿ ಕೋನಪ್ಪ ಎಂದಿದ್ದರೆ ಕಲಿಸಿದವನು ಆವುಲಪ್ಪ ಎಂದು ಸೀಮೆಗೆಲ್ಲ ಗೊತ್ತಿತ್ತು. ಅಷ್ಟು ವರ್ಷಗಳಲ್ಲಿ ಅದರಲ್ಲಿ ಏನೋ ಕಡಿಮೆಯಾಗಿದೆ ಎಂದು ಮೇಷ್ಟ್ರಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಈಗ ವರಲಕ್ಷ್ಮಿ ಕೇಳಿದ ಮೇಲೆ ಒಂದು ಕರಪತ್ರ ಎತ್ತಿ ನೋಡಿದರು, ಇನ್ನೊಂದು ಎತ್ತಿ ನೋಡಿದರು. ಸ್ತ್ರೀಪಾರ್ಟಿನವನ ಹೆಸರಿತ್ತು, ಸೀನರಿಯವನ ಹೆಸರಿತ್ತು, ಮೈಕ್ ಸೆಟ್ಟಿನವನ ಹೆಸರೂ ಇತ್ತು.

‘ಸೀಮೆಗೆಲ್ಲ ಗೊತ್ತು ಅಂತ ಬರಿ’ ಎಂದರು.

ವರಲಕ್ಷ್ಮಿ ಹಾಗೇ ವಿವರಣೆ ಬರೆದು, ಕರಪತ್ರಗಳನ್ನೆಲ್ಲ ವಿಶ್ವಕೋಶದ ಚರ್ಚೆಯ ಪುಟಕ್ಕೆ ಏರಿಸಿದಳು. ಈ ಸಲ ಮಿಂಚುಹುಳು ಏನನ್ನೂ ಅಳಿಸಲಿಲ್ಲ, ಧನ್ಯವಾದ ಹೇಳಿತು. ‘ಅಮೂಲ್ಯವಾದ ಆಧಾರಗಳನ್ನು ಒದಗಿಸಿದ್ದೀರಿ’ ಎಂದು ಹೊಗಳಿತು. ಒಂದು ವಾರ ಕಳೆಯುವಷ್ಟರಲ್ಲಿ ಹೊಸದೊಂದು ಪುಟ ಮೂಡಿತು. ಉದ್ದನೆಯ, ಅಚ್ಚುಕಟ್ಟಾದ ಪುಟ. ಪ್ರತಿ ಸಾಲಿಗೂ ಕೆಳಗೆ ಆಧಾರ. ಅದರ ತಲೆಬರಹ ‘ಕೋನಪ್ಪ’. ಐವತ್ತರ ದಶಕದಿಂದ ಎರಡು ಸಾವಿರದ ಏಳರವರೆಗೆ, ಅರ್ಧ ಶತಮಾನ, ಎಡೆಬಿಡದೆ ನಾಟಕಗಳನ್ನು ನಿರ್ದೇಶಿಸಿದ ಈ ಭಾಗದ ಅಪರೂಪದ ರಂಗಕರ್ಮಿ, ಈಗ ಸುಮಾರು ತೊಂಬತ್ತಾರು ವರ್ಷ ಎಂದಿತ್ತು. ಆವುಲಪ್ಪನವರು ನಲವತ್ತು ವರ್ಷ ಬೆವರು ಸುರಿಸಿದ್ದೆಲ್ಲ, ಒಂದು ಊರೂ ಬಿಡದಂತೆ, ಗುರುಗಳ ಲೆಕ್ಕಕ್ಕೆ ಜಮೆಯಾಗಿತ್ತು.

ಮೇಷ್ಟ್ರಿಗೆ ಸತ್ತ ಗುರುವಿನ ಮೇಲೆ ಹೊಟ್ಟೆಕಿಚ್ಚು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಸುಮ್ಮನೆ ಕೂರಲಾರ. ‘ಅವರು ಸತ್ತೋಗಿದಾರೆ ಅಂತ ಬರಿಯಮ್ಮ. ಅದನ್ನಾದ್ರೂ ಬರಿ’ ಎಂದರು.

ವರಲಕ್ಷ್ಮಿ ‘ನಿಧನ: ೧೯೮೧’ ಎಂದು ಸೇರಿಸಿದಳು. ಮಿಂಚುಹುಳು ತೆಗೆದುಹಾಕಿತು. ‘ತಾವೇ ಒದಗಿಸಿದ ಆಧಾರಗಳ ಪ್ರಕಾರ ಇವರು ೨೦೦೭ರಲ್ಲಿಯೂ ನಾಟಕ ನಿರ್ದೇಶಿಸಿದ್ದಾರೆ. ಸಾವಿಗೆ ಮುದ್ರಿತ ಆಧಾರ ಒದಗಿಸಿ’ ಎಂದಿತು. ಕೋನಪ್ಪನವರು ಸತ್ತ ಕಾಲದಲ್ಲಿ ತಿಥಿ ಕಾರ್ಡು ಅಚ್ಚು ಹಾಕಿಸುವ ಪದ್ಧತಿ ಹಳ್ಳಿಗಳಲ್ಲಿರಲಿಲ್ಲ. ಪೇಪರಿನವರು ಬರೆದಿರಲಿಲ್ಲ. ಅವರ ಮಕ್ಕಳು ಆಗಲೇ ಮನೆ ಮಾರಿ ಆಂಧ್ರದ ಕಡೆ ಹೋಗಿದ್ದರು. ಸಮಾಧಿಯ ಜಾಗದಲ್ಲಿ ಈಗ ರಸ್ತೆ ಇತ್ತು. ‘ಚಟ್ಟಕ್ಕೆ ಹೆಗಲು ಕೊಟ್ಟವನು ನಾನು ಅಂತ ಬರಿ’ ಎಂದರು ಮೇಷ್ಟ್ರು. ಬರೆದದ್ದಾಯಿತು. ‘ವೈಯಕ್ತಿಕ ನೆನಪುಗಳನ್ನು ಆಧಾರವಾಗಿ ಸ್ವೀಕರಿಸಲಾಗದು’ ಎಂದು ಉತ್ತರ ಬಂತು. ಮತ್ತೆ ಹಾಕಿದ್ದಕ್ಕೆ, ‘ಜೀವಂತ ವ್ಯಕ್ತಿಗಳ ಸಾವಿನ ಸುದ್ದಿ ಹಬ್ಬಿಸುವುದು ಗಂಭೀರ ತಪ್ಪು’ ಎಂಬ ಎಚ್ಚರಿಕೆ ಬಂತು.

ಮೇಷ್ಟ್ರು ಅಂಗಡಿಯ ಕಬ್ಬಿಣದ ಕುರ್ಚಿಯಲ್ಲಿ ಕೂತು ತಲೆಯ ಮೇಲೆ ಕೈಯಿಟ್ಟುಕೊಂಡರು. ನಾನು ಬದುಕಿದ್ದೇನೆ ಎಂದರೆ ನಂಬುವುದಿಲ್ಲ, ಅವರು ಸತ್ತಿದ್ದಾರೆ ಎಂದರೆ ನಂಬುವುದಿಲ್ಲ. ಇವರಿಗೆ ಹೇಗೆ ಹೇಳುವುದು?

ಆಮೇಲಾಮೇಲೆ ಅದೊಂದು ನಿತ್ಯದ ವ್ರತದಂತಾಯಿತು. ಎರಡು ಮೂರು ದಿನಕ್ಕೊಮ್ಮೆ ಮೇಷ್ಟ್ರು ಸೈಬರಿಗೆ ಹೋಗಿ ಗುರುಗಳನ್ನು ಸಾಯಿಸಿ ಬರುವುದು, ಮಿಂಚುಹುಳು ಅವರನ್ನು ಬದುಕಿಸುವುದು. ಇವರು ಮನೆಗೆ ಬಂದು ಕಾಲು ತೊಳೆಯುವಾಗ ಲಕ್ಷ್ಮೀನರಸಮ್ಮ ಅಡುಗೆಮನೆಯಿಂದಲೇ ‘ಇವತ್ತಾದ್ರೂ ಸತ್ರಾ ನಿಮ್ ಗುರುಗಳು?’ ಎಂದು ಕೇಳುತ್ತಿದ್ದರು. ಮೊದಮೊದಲು ಮೇಷ್ಟ್ರು ರೇಗಿ ತಟ್ಟೆ ತಳ್ಳುತ್ತಿದ್ದರು. ಆಮೇಲೆ ‘ಇಲ್ಲ’ ಎಂದಷ್ಟೇ ಹೇಳಿ ಊಟಕ್ಕೆ ಕೂರುತ್ತಿದ್ದರು. ಮುಂದಿನ ಸುಗ್ಗಿ ಮುಗಿದಾಗ ಮಂಡಿ ನೋವು ಹೆಚ್ಚಾಗಿ ಯಾವ ಊರಿಗೂ ನಾಟಕ ಕಲಿಸಲು ಹೋಗಲಾಗಲಿಲ್ಲ. ಪೆಟ್ಟಿಗೆ ಮೂಲೆಯಲ್ಲಿ ಧೂಳು ಹಿಡಿಯುತ್ತಾ ಕೂತಿತ್ತು. ಮನುಷ್ಯನಿಗೆ ಕೆಲಸ ಇಲ್ಲದಿದ್ದರೆ ಹೆಸರಿನ ಚಿಂತೆ ಇನ್ನೂ ಜಾಸ್ತಿ.

ಹೀಗೆ ಎರಡು ಸಾವಿರದ ಒಂಬತ್ತರ ಬೇಸಿಗೆಯ ಒಂದು ಮಧ್ಯಾಹ್ನ ಮೇಷ್ಟ್ರು ಸೈಬರಿನಲ್ಲಿ ಕೂತಿದ್ದಾಗ ಅವರ ಶಿಷ್ಯ ಮುನೇಶ್ ಒಳಗೆ ಬಂದ. ಕೆಂಚಾರ್ಲಹಳ್ಳಿಯವನು, ನಲವತ್ತರ ಆಸುಪಾಸು, ಮನೆಯಲ್ಲಿ ರೇಷ್ಮೆಹುಳ ಸಾಕಾಣಿಕೆ. ಮೀಸೆ ಮೂಡುವ ವಯಸ್ಸಿನಿಂದ ಮೇಷ್ಟ್ರ ಹಿಂದೆ ಪೆಟ್ಟಿಗೆ ಹೊತ್ತು ತಿರುಗಿ, ಕೈಕಾಲಿಗೆಲ್ಲ ಏಟು ತಿಂದು ವಿದ್ಯೆ ಕಲಿತವನು. ಮೇಷ್ಟ್ರನ್ನು ಅಲ್ಲಿ ಕಂಡು ಬೆಚ್ಚಿ, ಚಪ್ಪಲಿ ಹೊರಗೆ ಬಿಟ್ಟು ಬಂದು ಕಾಲಿಗೆ ಬಿದ್ದ.

‘ನಿಮ್ಮನೆಗೇ ಬರೋನಿದ್ದೆ ಮೇಷ್ಟ್ರೇ. ನಮ್ಮೂರಲ್ಲಿ ನಾಟಕ ಇಟ್ಕೊಂಡಿದೀವಿ. ಹುಳ ಹಣ್ಣಾಗಿ ಗೂಡು ಕಟ್ಟೋ ಮುಂಚೆ ಮುಗಿಸ್ಬೇಕು ಅಂತ ಕರಪತ್ರಕ್ಕೆ ಕೊಟ್ಟಿದ್ದೆ, ತಿದ್ದಿ ಹೋಗಣ ಅಂತ ಬಂದೆ’ ಎಂದ.

‘ಯಾರು ಕಲಿಸಿದ್ದು?’

ಮುನೇಶ್ ನೆಲ ನೋಡಿದ. ‘ನಾನೇ... ಹಂಗೇ ಸುಮಾರಾಗಿ. ನಿಮ್ಗೆ ಮಂಡಿ ನೋವು ಅಂತ ತೊಂದ್ರೆ ಕೊಡ್ಲಿಲ್ಲ.’

‘ಶ್ರುತಿ ನಿಲ್ಲುತ್ತಾ ನಿನ್ ಕಡೆಯೋರ್ದು?’

‘ನಿಲ್ಲುತ್ತೆ ಮೇಷ್ಟ್ರೇ. ಒಬ್ಬನದು ಬಿಟ್ಟು.’

ಅಷ್ಟರಲ್ಲಿ ವರಲಕ್ಷ್ಮಿ ಕರಡು ಪ್ರತಿಯನ್ನು ಪ್ರಿಂಟು ತೆಗೆದು ಮೇಜಿನ ಮೇಲಿಟ್ಟಳು. ಮುನೇಶ್ ಎರಡೂ ಕೈಯಲ್ಲಿ ಎತ್ತಿ ಮೇಷ್ಟ್ರಿಗೆ ಕೊಟ್ಟ. ಮೇಲೆ ದೇವರ ಹೆಸರು, ಊರಿನ ಹೆಸರು, ಪಾತ್ರಧಾರಿಗಳ ಹೆಸರು. ಕೆಳಗೆ, ಎಲ್ಲಕ್ಕಿಂತ ದಪ್ಪವಾಗಿ, ಸುತ್ತ ಹೂಬಳ್ಳಿಯ ಚೌಕಟ್ಟಿನಲ್ಲಿ ‘ಸಂಗೀತ ಮತ್ತು ನಿರ್ದೇಶನ: ಶ್ರೀ ಆವುಲಪ್ಪ ಮೇಷ್ಟ್ರು, ಚಿಂತಾಮಣಿ.’

ಮೇಷ್ಟ್ರು ಓದಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ, ಹಾಕಿಕೊಂಡು ಮತ್ತೆ ಓದಿದರು. ಅಳಿಸಿಹೋಗುವ ಪರದೆಯ ಅಕ್ಷರ ಅಲ್ಲ, ಕಾಗದದ ಮೇಲೆ. ಖುಷಿಯಾಯಿತು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

‘ಮೇಷ್ಟ್ರೇ, ಸಿಕ್ತಲ್ಲ ಆಧಾರ’ ಎಂದಳು ವರಲಕ್ಷ್ಮಿ. ಆಕೆಯ ದನಿಯಲ್ಲೂ ಸಡಗರವಿತ್ತು. ‘ಇದು ಅಚ್ಚಾಗಿ ಬರ್ಲಿ, ಮೊದ್ಲು ಸ್ಕ್ಯಾನ್ ಮಾಡಿ ಹಾಕ್ತೀನಿ. ಆ ಹುಳ ಈ ಸಲ ಏನ್ ಹೇಳ್ತದೋ ನೋಡಣ.’

ಕೆಂಚಾರ್ಲಹಳ್ಳಿಗೆ ಮೇಷ್ಟ್ರು ಈ ವರ್ಷ ಒಂದು ದಿನವೂ ಕಾಲಿಟ್ಟಿರಲಿಲ್ಲ. ಯಾರು ಯಾವ ಪಾರ್ಟು ಎಂದೂ ಗೊತ್ತಿರಲಿಲ್ಲ. ಕಲಿಸಿದ ಅಷ್ಟೂ ನಾಟಕಗಳಲ್ಲಿ ಇಲ್ಲದ ಹೆಸರು, ಕಲಿಸದ ಒಂದೇ ಒಂದು ನಾಟಕದಲ್ಲಿ ಹೂಬಳ್ಳಿಯ ನಡುವೆ ಕೂತಿತ್ತು. ಹಾಕಿಬಿಡಬಹುದು. ಮಿಂಚುಹುಳಕ್ಕೆ ಅಚ್ಚಾದದ್ದು ಬೇಕು, ಅಚ್ಚಾಗುತ್ತದೆ. ಚಲಪತಿಗೆ ತೋರಿಸಬಹುದು. ಎಲ್ಲೋ ಒಂದು ಕಡೆಯಾದರೂ ಇದ್ದೇನೆ ಎಂದಾಗುತ್ತದೆ. ಮೇಷ್ಟ್ರಿಗೆ ಆಸೆಯಾಯಿತು, ಬಹಳ ಆಸೆಯಾಯಿತು.

‘ನಿನಗ್ಯಾರು ಹೇಳಿದ್ದು ನನ್ ಹೆಸರು ಹಾಕೋಕೆ?’ ಎಂದರು ಕೊನೆಗೆ.

‘ಯಾರ್ ಹೇಳ್ಬೇಕು ಮೇಷ್ಟ್ರೇ? ನಮ್ಮಲ್ಲಿ ಹಂಗೇ ಅಲ್ವಾ. ನೀವು ಗುರುಗಳ ಹೆಸರು ಹಾಕಿದ್ರಿ, ನಾನು ನಿಮ್ದು ಹಾಕ್ದೆ.’

‘ನಿನ್ ಹೆಸರು?’

‘ನನ್ ಹೆಸರು ಯಾಕೆ? ಊರೋರಿಗೆಲ್ಲ ಗೊತ್ತು.’

ಆ ಮಾತು ಕೇಳಿ ಮೇಷ್ಟ್ರ ಮೈಯೆಲ್ಲ ಉರಿಯಿತು. ಆ ಉರಿ ಮುನೇಶನ ಮೇಲೋ, ತಮ್ಮ ಮೇಲೋ, ನಲವತ್ತು ವರ್ಷದ ಭಕ್ತಿಯ ಮೇಲೋ ಅವರಿಗೇ ಗೊತ್ತಾಗಲಿಲ್ಲ. ಕರಡನ್ನು ಮೇಜಿಗೆ ಕುಕ್ಕಿದರು.

‘ಊರೋರಿಗೆ ಗೊತ್ತು, ಸೀಮೆಗೆಲ್ಲ ಗೊತ್ತು. ಥೂ ನಿನ್ನ. ಇಲ್ಲಿ ಬಂದು ಕೂತು ನೋಡು ಯಾರಿಗೆ ಗೊತ್ತು ಅಂತ. ಇನ್ನು ಮೂವತ್ತು ವರ್ಷ ಆದ್ಮೇಲೆ ನೀನೂ ಇದೇ ಕುರ್ಚೀಲಿ ಕೂತ್ಕೊಂಡು ನನ್ನ ಸಾಯಿಸೋಕಾಗ್ದೆ ಒದ್ದಾಡ್ತೀಯ ಕಣೋ.’

ಮುನೇಶನಿಗೆ ಏನೂ ಅರ್ಥವಾಗಲಿಲ್ಲ. ಗುರುಗಳಿಗೆ ಹೇಳದೆ ನಾಟಕ ಕಲಿಸಿದ್ದಕ್ಕೆ ಸಿಟ್ಟು ಎಂದುಕೊಂಡು ಅವನ ಕಣ್ಣಲ್ಲಿ ನೀರು ಬಂತು. ‘ತಪ್ಪಾಯ್ತು ಮೇಷ್ಟ್ರೇ’ ಎಂದ.

‘ತಪ್ಪು ನಿಂದಲ್ಲ’ ಎಂದು ಮೇಷ್ಟ್ರು ಕುರ್ಚಿ ಎಳೆದುಕೊಂಡು ವರಲಕ್ಷ್ಮಿಯ ಪಕ್ಕ ಕೂತರು. ‘ತೆಗಿಯಮ್ಮ ಅದನ್ನ.’

‘ಯಾವುದನ್ನ?’

‘ನನ್ ಹೆಸರನ್ನ. ಇವನ ಹೆಸರು ಹಾಕು.’

ವರಲಕ್ಷ್ಮಿ ಅವರ ಮುಖ ನೋಡಿದಳು. ‘ಬೇಕಾದ್ರೆ ಎರಡೂ ಹಾಕಣ ಮೇಷ್ಟ್ರೇ, ಜಾಗ ಇದೆ’ ಎಂದಳು ಮೆಲ್ಲಗೆ. ‘ನಾನು ಕಲಿಸಿಲ್ಲ ಕಣಮ್ಮ’ ಎಂದರು ಮೇಷ್ಟ್ರು. ಆಕೆ ಹೂಬಳ್ಳಿಯ ಚೌಕಟ್ಟನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಸಾಲಿನ ಕೊನೆಗೆ ಹೋಗಿ ಅಳಿಸುವ ಕೀಲಿ ಒತ್ತಿದಳು. ಚಿಂತಾಮಣಿ ಹೋಯಿತು. ಮೇಷ್ಟ್ರು ಹೋಯಿತು. ಆಮೇಲೆ ಹೆಸರು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಹೋಗುತ್ತಾ ಬಂತು. ಕೊನೆಗೆ ‘ಆ’ ಅಕ್ಷರವೊಂದು ಉಳಿದು, ಅದೂ ಹೋಯಿತು. ಇಷ್ಟು ದಿನ ಕಾಣದ ಕೈಯೊಂದು ಅಳಿಸಿದ್ದನ್ನು ಬೈದುಕೊಂಡ ಮೇಷ್ಟ್ರು, ಈ ಸಲ ಎದುರಿಗೇ ಕೂತು, ಬಾಯಿ ಮುಚ್ಚಿಕೊಂಡು ನೋಡಿದರು. ನೋವಾಯಿತು. ಆಗುತ್ತದೆಂದು ಅಂದುಕೊಂಡದ್ದಕ್ಕಿಂತ ಹೆಚ್ಚೇ ಆಯಿತು.

‘ನಿಮ್ ಹೆಸರಿಲ್ದಿದ್ರೆ ನಾಟಕ ಏಳುತ್ತಾ ಮೇಷ್ಟ್ರೇ?’ ಎಂದು ಮುನೇಶ್ ಹಿಂದಿನಿಂದ ಕೇಳಿದ.

‘ಶ್ರುತಿ ನಿಂತ್ರೆ ಏಳ್ತದೆ. ಆ ಒಬ್ಬನ್ನ ನಾಳೆ ನಮ್ಮನೆಗೆ ಕಳ್ಸು.’

ಕರಡು ಪ್ರತಿಯನ್ನು ವರಲಕ್ಷ್ಮಿ ಹಿಂಬದಿ ಲೆಕ್ಕ ಬರೆಯಲು ಆಗುತ್ತದೆಂದು ರದ್ದಿ ಕಾಗದದ ತಟ್ಟೆಯಲ್ಲಿ ಇಟ್ಟಿದ್ದಳು. ಎದ್ದು ಹೋಗುವಾಗ ಮೇಷ್ಟ್ರು ಅದನ್ನು ಕೈಗೆತ್ತಿಕೊಂಡು, ಸ್ವಲ್ಪ ಹೊತ್ತು ಹಿಡಿದಿದ್ದು, ತಿರುಗಿ ತಟ್ಟೆಯಲ್ಲೇ ಇಟ್ಟರು. ಗುರುಗಳ ಪುಟವನ್ನು ಅವತ್ತು ತೆರೆಸಲಿಲ್ಲ.

ಮನೆಗೆ ಬಂದು ಕಾಲು ತೊಳೆಯುತ್ತಿರುವಾಗ ಲಕ್ಷ್ಮೀನರಸಮ್ಮ ಎಂದಿನಂತೆ ಒಳಗಿನಿಂದ ಕೇಳಿದರು. ‘ಇವತ್ತಾದ್ರೂ ಸತ್ರಾ ನಿಮ್ ಗುರುಗಳು?’

‘ಇಲ್ಲ ಕಣೇ. ಅವರು ಇನ್ನು ಸಾಯಲ್ಲ’ ಎಂದರು ಮೇಷ್ಟ್ರು. ಚೊಂಬನ್ನು ಬಚ್ಚಲ ಕಟ್ಟೆಯ ಮೇಲಿಟ್ಟರು. ‘ಆದ್ರೆ ನಾನು ಧಾರಾಳವಾಗಿ ಸಾಯ್ಬೋದು. ಅದಕ್ಕೆ ದಾರಿ ಮಾಡ್ಕೊಂಡು ಬಂದೆ.’

‘ಥೂ, ಎಂಥ ಮಾತು. ಬಿಡ್ತು ಅನ್ರಿ’ ಎಂದು ಲಕ್ಷ್ಮೀನರಸಮ್ಮ ಹೊರಗೆ ಓಡಿಬಂದರು.

ಮೇಷ್ಟ್ರು ಬಿಡ್ತು ಅನ್ನಲಿಲ್ಲ. ಒದ್ದೆ ಕಾಲಲ್ಲೇ ಮೂಲೆಗೆ ಹೋಗಿ, ನಾಳೆ ಬರುವವನಿಗಾಗಿ ಪೆಟ್ಟಿಗೆಯ ಧೂಳು ಒರೆಸತೊಡಗಿದರು.